ಒಐ ಮಗಳಿಗೆ ಜೊಲೆಡ್ರೊನಿಕ್ ಡ್ರಿಪ್ ನಡೀತಿದೆ, ತೊಡೆಮೂಳೆಯಲ್ಲಿ ಗೆರೆ ಕಂಡಿದೆ: ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಸಂಪಿಗೆ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ (ಒಐ, ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯೋ ಕಾಯಿಲೆ), ಟೈಪ್ 4. ಕೂಸಾಗಿದ್ದಾಗಲೇ ಪಾಮಿಡ್ರೊನೇಟ್ ಶುರು ಮಾಡಿದ್ರು, ಆಮೇಲೆ ಆರು ತಿಂಗಳಿಗೊಮ್ಮೆ ಜೊಲೆಡ್ರೊನಿಕ್ ಆಸಿಡ್. ಎರಡೂ ಮೂಳೆ ಗಟ್ಟಿ ಮಾಡೋಕೆ ಹಾಕೋ ಡ್ರಿಪ್. ಔಷಧಿಯಿಂದ ಒಳ್ಳೇದಾಗಿದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬೆನ್ನುನೋವಿಗೆ ಕೂರೋಕೇ ಆಗದೆ ಒದ್ದಾಡ್ತಿದ್ದವಳು ಈಗ ವಾಕರ್ ಹಿಡಿದು ಓಡಾಡ್ತಾಳೆ.

ಈಗಿನ ತಲೆನೋವು ಬೇರೆ. ಕೆಲವು ವಾರಗಳಿಂದ ಬಲತೊಡೆ ನೋವು. ಬಿದ್ದಿಲ್ಲ, ಎಲ್ಲೂ ತಾಗಿಸಿಕೊಂಡಿಲ್ಲ. ನಿಂತ್ರೆ ನೋವು, ಮಲಗಿದ್ರೆ ಇಲ್ಲ. ಎಕ್ಸ್-ರೇ ತೆಗೆಸಿದ್ರೆ ತೊಡೆಮೂಳೆಯ ನಡುಭಾಗದಲ್ಲಿ, ಬಾಗಿರೋ ಜಾಗದಲ್ಲಿ, ಹೊರಮಗ್ಗುಲಿಗೆ, ಅಡ್ಡಡ್ಡ ಒಂದು ಸಣ್ಣ ಕಪ್ಪು ಗೆರೆ. ಅದರ ಪಕ್ಕ ಮೂಳೆ ಸ್ವಲ್ಪ ಉಬ್ಬಿದೆ. ಮೂಳೆ ಡಾಕ್ಟ್ರು "ಇದು ಡ್ರಿಪ್‌ನಿಂದಲೇ ಬಂದಿರಬಹುದು, ಔಷಧಿ ನಿಲ್ಲಿಸಿ, ಮೂಳೆಯೊಳಗೆ ರಾಡ್ ಹಾಕೋಣ" ಅಂದ್ರು. ಎಂಡೋಕ್ರೈನ್ (ಹಾರ್ಮೋನ್) ಡಾಕ್ಟ್ರು "ಬೆಳೆಯೋ ವಯಸ್ಸಲ್ಲಿ ಪೂರ್ತಿ ನಿಲ್ಲಿಸಬೇಡಿ" ಅಂತಾರೆ. ಇದರ ಮಧ್ಯೆ ಒಂದು ಹಾಲುಹಲ್ಲು ಉದುರದೇ ನಿಂತಿದೆ, ಕೀಳಬೇಕು. ಹಲ್ಲಿನ ಡಾಕ್ಟ್ರು ಔಷಧಿ ಹೆಸರು ಕೇಳಿದ್ದೇ ತಡ, ದವಡೆ ಕೊಳೆಯುತ್ತೆ ಅಂತ ಕೈಯೇ ಹಾಕಲಿಲ್ಲ.

ಮುಂದಿನ ಡ್ರಿಪ್ ಹತ್ತಿರ ಬಂತು. ಈ ದಾರಿ ದಾಟಿದವರು ಯಾರಾದ್ರೂ ಇದ್ದೀರಾ?

ಅರಳಿಕಟ್ಟೆ
ಗಾಬರಿ ಆಗ್ಬೇಡಿ ಮೇಡಂ. ಡ್ರಿಪ್ ತಗೊಳ್ಳೋ ಎಲ್ಲಾ ಮಕ್ಕಳ ಎಕ್ಸ್-ರೇಯಲ್ಲೂ ಗೆರೆ ಬರುತ್ತೆ. ನನ್ನ ಮಗನ ಮೊಣಕಾಲ ಹತ್ರ ಸಾಲಾಗಿ ಇವೆ. ಜೀಬ್ರಾ ಲೈನ್ ಅಂತಾರೆ. ಏನೂ ಆಗಲ್ಲ.

ವಾರ್ಡ್ ಸಿಸ್ಟರ್
ಅರಳಿಕಟ್ಟೆಯವರೇ, ನೀವು ಹೇಳ್ತಿರೋ ಗೆರೆ ಬೇರೆ, ಇವರು ಹೇಳ್ತಿರೋದು ಬೇರೆ. ದಯವಿಟ್ಟು ಬೆರೆಸಬೇಡಿ, ಇದರಿಂದ ಯಾರಾದರೂ ಸುಮ್ಮನೆ ಕೂತುಬಿಟ್ಟರೆ ಕಷ್ಟ.

ಜೀಬ್ರಾ ಗೆರೆ ಬರೋದು ಮೂಳೆಯ ತುದಿಯಲ್ಲಿ, ಬೆಳವಣಿಗೆ ಫಲಕದ (ಮೂಳೆ ಉದ್ದಕ್ಕೆ ಬೆಳೆಯೋ ಜಾಗ) ಹತ್ತಿರ. ಒಂದೊಂದು ಡ್ರಿಪ್‌ಗೆ ಒಂದೊಂದು ಬಿಳಿ ಗೆರೆ, ಮೂಳೆ ಬೆಳೆದ ಹಾಗೆ ದೂರ ಸರಿಯುತ್ತೆ. ನೋವಿಲ್ಲ, ಕೆಡುಕೂ ಇಲ್ಲ. ಸಂಪಿಗೆಯವರು ಹೇಳಿದ್ದು ಮೂಳೆಯ ನಡುಭಾಗದಲ್ಲಿ, ಹೊರಮಗ್ಗುಲಲ್ಲಿ, ಕಪ್ಪು ಗೆರೆ, ಪಕ್ಕದಲ್ಲಿ ಉಬ್ಬು, ನಿಂತರೆ ನೋವು. ಅದು ಬಿರುಕು. ಬೇರೆ ರೀತಿ ಸಾಬೀತಾಗೋ ತನಕ ಬಿರುಕು ಅಂತಲೇ ನಡ್ಕೊಳ್ಳಬೇಕು.

ಅಕ್ಕಾ, ಮೂರು ಮಾತು. ಡಾಕ್ಟ್ರು ತೀರ್ಮಾನ ಹೇಳೋ ತನಕ ಆ ಕಾಲಿನ ಮೇಲೆ ಭಾರ ಬೇಡ, ಗಾಲಿಕುರ್ಚಿ ಇದ್ರೆ ಅದರಲ್ಲೇ ಇರಲಿ. ಎಡತೊಡೆಯ ಎಕ್ಸ್-ರೇಯನ್ನೂ ಕೇಳಿ ತೆಗೆಸಿ, ಇಂಥ ಬಿರುಕು ಎರಡೂ ಕಡೆ ಇರೋದುಂಟು. ಮುಂದಿನ ಡ್ರಿಪ್‌ಗೆ ಮೊದಲು ಎರಡೂ ಡಾಕ್ಟ್ರು ಒಂದು ಸಲ ಪರಸ್ಪರ ಮಾತಾಡಲಿ. ನಿಮ್ಮ ಮೂಲಕ ಅಲ್ಲ, ನೇರವಾಗಿ.

ಅರಳಿಕಟ್ಟೆ
ಸರಿ ಸಿಸ್ಟರ್, ತಿಳೀತು. ನಡುಭಾಗದಲ್ಲಿ ಅನ್ನೋದನ್ನ ಗಮನಿಸಿರಲಿಲ್ಲ.

ಕಲ್ಲುದಾರಿ
ನಾನು ಖಡಾಖಂಡಿತವಾಗಿ ಹೇಳ್ತೀನಿ, ನಿಲ್ಲಿಸಿ. ಈ ಬಿಸ್ಫಾಸ್ಫೊನೇಟ್ (ಪಾಮಿಡ್ರೊನೇಟ್, ಜೊಲೆಡ್ರೊನಿಕ್ ಎಲ್ಲಾ ಸೇರಿದ ಔಷಧಿ ಗುಂಪು) ಅನ್ನೋದು ಮೂಳೆಯನ್ನ ಸೀಮೆಸುಣ್ಣ ಮಾಡುತ್ತೆ. ಸ್ಕ್ಯಾನ್‌ನಲ್ಲಿ ಸಾಂದ್ರತೆ ಚೆನ್ನಾಗಿ ಕಾಣುತ್ತೆ, ಡಾಕ್ಟ್ರಿಗೆ ಖುಷಿ. ಆದರೆ ಒಳಗೆ ಹಳೇ ಮೂಳೆ ಹಾಗೇ ಕೂತಿರುತ್ತೆ. ಸಣ್ಣ ಬಿರುಕು ಬಂದ್ರೆ ಅದನ್ನ ಅಗೆದು ತೆಗೆಯೋ ಜೀವಕೋಶಗಳನ್ನೇ ಔಷಧಿ ಮಲಗಿಸಿರುತ್ತೆ, ಹೊಸದು ಕಟ್ಟೋದು ಹೇಗೆ? ದೊಡ್ಡವರಲ್ಲಿ ಐದಾರು ವರ್ಷ ಆದಮೇಲೆ ಬಿಡುವು ಕೊಡ್ತಾರೆ. ಮಕ್ಕಳಿಗೆ ಮಾತ್ರ ಹತ್ತು ವರ್ಷ ಹಾಕ್ತಾನೇ ಇರ್ತಾರೆ. ಯಾರೂ ಪ್ರಶ್ನೆ ಮಾಡಲ್ಲ.

ನೀಲಿಕಣ್ಣು
ಕಲ್ಲುದಾರಿಯವರೇ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಉಳಿದರ್ಧಕ್ಕೆ ನಾನು ಉತ್ತರ ಕೊಡಲೇಬೇಕು, ಯಾಕಂದ್ರೆ ನಾನೇ ಆ ಮಗು. ಈಗ 26 ವರ್ಷ. ಟೈಪ್ 3, ತೀವ್ರ ಒಐ.

ಡ್ರಿಪ್ ಶುರುವಾಗೋ ಮುಂಚೆ ನನ್ನ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕುಸೀತಿದ್ವು. ಅಮ್ಮ ನನ್ನನ್ನ ಎತ್ತಿಕೊಳ್ಳೋದು ದಿಂಬಿನ ಸಮೇತ. ಡಯಾಪರ್ ಬದಲಿಸೋವಾಗ ಕಾಲು ಹಿಡಿದು ಎತ್ತಬಾರದು, ಕೆಳಗೆ ಕೈ ಹಾಕಿ ಸೊಂಟದ ಜೊತೆಗೇ ಎತ್ತಬೇಕು ಅಂತ ಮನೆಗೆ ಬಂದವರಿಗೆಲ್ಲ ಪಾಠ ಮಾಡ್ತಿದ್ರು. ಔಷಧಿ ಶುರುವಾದ ಮೇಲೆ ಕುಸಿದ ಮಣಿಗಳು ಮತ್ತೆ ಎತ್ತರ ಪಡ್ಕೊಂಡವು. ಇದು ಬೆಳೆಯೋ ಮಕ್ಕಳಲ್ಲಿ ಮಾತ್ರ ಆಗೋ ಕೆಲಸ. ದೊಡ್ಡವರಾದ ಮೇಲೆ ಕುಸಿದ ಮಣಿ ಹಾಗೆ ತಿರುಗಿ ಬೆಳೆಯಲ್ಲ. ಆ ವರ್ಷಗಳಲ್ಲಿ ಔಷಧಿ ಇಲ್ಲದಿದ್ರೆ ನಾನು ಇವತ್ತು ನೆಟ್ಟಗೆ ಕೂತು ಉಸಿರಾಡ್ತಿದ್ನಾ ಅನ್ನೋದೇ ಅನುಮಾನ.

ಹಾಗಂತ ತೊಂದರೆ ಆಗಲಿಲ್ಲ ಅಂತಲ್ಲ. ಮೊಣಕಾಲ ಕೆಳಗಿನ ಮೂಳೆ ನೇರ ಮಾಡೋಕೆ ಕತ್ತರಿಸಿ ರಾಡ್ ಹಾಕಿದ್ರು. ಆ ಕತ್ತರಿಸಿದ ಜಾಗ ಕೂಡಲೇ ಇಲ್ಲ. ಪ್ಲಾಸ್ಟರ್ ತೆಗೆದು ನೋಡಿದ್ರೆ ಎಕ್ಸ್-ರೇಯಲ್ಲಿ ಹಾಗೇ ಸಂದು. ತಿಂಗಳುಗಟ್ಟಲೆ ಹಾಗೇ ಇತ್ತು. ಆಪರೇಷನ್ ಆದ ಕೆಲವೇ ವಾರಕ್ಕೆ ಯಾರೂ ಯೋಚನೆ ಮಾಡದೆ ಎಂದಿನ ಡ್ರಿಪ್ ಹಾಕಿದ್ರು. ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಪಿಗೆ ಅಕ್ಕಾ, ರಾಡ್ ಹಾಕೋದಾದ್ರೆ ಇದೊಂದನ್ನ ಮರೀಬೇಡಿ: ಆಪರೇಷನ್‌ಗೂ ಮುಂದಿನ ಡ್ರಿಪ್‌ಗೂ ಮಧ್ಯೆ ಎಷ್ಟು ಅಂತರ ಅಂತ ಮೊದಲೇ ಬರೆಸಿಕೊಳ್ಳಿ.

ಹೊತ್ತಿಗೆ
ನೀಲಿಕಣ್ಣು ಹೇಳಿದ್ದಕ್ಕೆ ಆಧಾರ ಇದೆ. ನನ್ನ ತಮ್ಮನಿಗೆ ಒಐ, ಹಾಗಾಗಿ ಸಂಶೋಧನಾ ಲೇಖನಗಳನ್ನ ಓದ್ತಾ ಇರ್ತೀನಿ. ತಿಳಿದಷ್ಟು ಹಂಚ್ಕೋತೀನಿ, ಸ್ವಲ್ಪ ಉದ್ದ ಆಗಬಹುದು.

ಮಕ್ಕಳ ಒಐಗೆ ಪಾಮಿಡ್ರೊನೇಟ್ ಬಳಕೆಗೆ ದಾರಿ ಮಾಡಿದ್ದು ಮಾಂಟ್ರಿಯಲ್‌ನ ಶ್ರೈನರ್ಸ್ ಆಸ್ಪತ್ರೆಯ ಫ್ರಾನ್ಸಿಸ್ ಗ್ಲೋರಿಯೊ ತಂಡ. 1998ರಲ್ಲಿ ತೀವ್ರ ಒಐ ಇದ್ದ 30 ಮಕ್ಕಳ ವರದಿ ಬಂತು. ನೋವು ಇಳಿಯಿತು, ಸಾಂದ್ರತೆ ಏರಿತು, ಓಡಾಟ ಸುಧಾರಿಸಿತು. ಅದೇ ಆಸ್ಪತ್ರೆಯವರೇ ಆಮೇಲೆ 2004ರಲ್ಲಿ ಇನ್ನೊಂದು ವಿಷಯ ಹೇಳಿದ್ರು: ಪಾಮಿಡ್ರೊನೇಟ್ ತಗೊಳ್ಳೋ ಮಕ್ಕಳಲ್ಲಿ ಡಾಕ್ಟ್ರು ಕತ್ತರಿಸಿದ ಮೂಳೆ ಕೂಡೋದು ತಡ ಆಗುತ್ತೆ. ತಾನಾಗಿ ಮುರಿದದ್ದು ಅಷ್ಟು ತಡ ಆಗಲ್ಲ. ಆಮೇಲೆ ಪದ್ಧತಿ ಬದಲಾಯಿಸಿದ್ರು. ವಿದ್ಯುತ್ ಗರಗಸದ ಬದಲು ಉಳಿಯಿಂದ ಕತ್ತರಿಸೋದು, ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಡ್ರಿಪ್ ತಡೆಹಿಡಿಯೋದು. ಇದರಿಂದ ಕೂಡೋದು ಉತ್ತಮ ಆಯ್ತು ಅಂತ 2015ರಲ್ಲಿ ಬರೆದ್ರು.

ಇನ್ನು ತೊಡೆಯ ಅಡ್ಡ ಬಿರುಕು. ದೊಡ್ಡವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ ವರ್ಷಗಟ್ಟಲೆ ಈ ಗುಂಪಿನ ಔಷಧಿ ತಗೊಂಡವರಿಗೆ ಹೀಗೇ ಬರುತ್ತೆ: ಹೊರಮಗ್ಗುಲು, ಅಡ್ಡ ಗೆರೆ, ಪಕ್ಕದಲ್ಲಿ ಉಬ್ಬು, ಏಟೇ ಇಲ್ಲ, ಮುಂಚಿತವಾಗಿ ತೊಡೆ ಅಥವಾ ತೊಡೆಸಂದಿನಲ್ಲಿ ನೋವು. ಹಾಗಾಗಿ ಮೂಳೆ ಡಾಕ್ಟ್ರು ಔಷಧಿಯ ಮೇಲೆ ಅನುಮಾನ ಪಟ್ಟಿದ್ದು ಸಹಜ. ಆದರೆ ಒಐ ಮಕ್ಕಳಲ್ಲಿ ಬಾಗಿದ ತೊಡೆಮೂಳೆ ಔಷಧಿ ಇಲ್ಲದೆಯೂ ಇದೇ ತರಹ ಬಿರುಕು ಬಿಡುತ್ತೆ. ಔಷಧಿ ತಗೊಂಡ ಮಕ್ಕಳನ್ನೂ ತಗೊಳ್ಳದವರನ್ನೂ ಹೋಲಿಸಿ ನೋಡಿದಾಗ, ಈ ನಮೂನೆಯ ಮುರಿತ ರೋಗದ ತೀವ್ರತೆಯ ಜೊತೆ ಹೊಂದಿಕೊಂಡು ಬಂತೇ ಹೊರತು ಔಷಧಿಯ ಜೊತೆಗಲ್ಲ ಅಂತ 2017ರ ಒಂದು ಅಧ್ಯಯನ ಹೇಳುತ್ತೆ. ಬಾಗಿದ ಮೂಳೆಯ ಹೊರಮಗ್ಗುಲಿಗೆ ಎಳೆತ ಜಾಸ್ತಿ, ಹೆಜ್ಜೆ ಇಟ್ಟಾಗಲೆಲ್ಲ ಅದೇ ಜಾಗ ಬಾಯಿಬಿಡೋಕೆ ನೋಡುತ್ತೆ.

ಅಂದ್ರೆ ಔಷಧಿ ನಿಲ್ಲಿಸಿದ ಮಾತ್ರಕ್ಕೆ ಬಿರುಕು ವಾಸಿ ಆಗಲ್ಲ. ಬಾಗು ಸರಿ ಆಗಬೇಕು.

ಕಲ್ಲುದಾರಿ
ಒಂದು ಅಧ್ಯಯನ ಹಿಡ್ಕೊಂಡು ಔಷಧಿಗೆ ಕ್ಲೀನ್ ಚಿಟ್ ಕೊಡೋಕಾಗಲ್ಲ ಹೊತ್ತಿಗೆ. ಮುರಿತ ಕಡಿಮೆ ಆಗುತ್ತೆ ಅನ್ನೋದಕ್ಕಾದರೂ ಗಟ್ಟಿ ಪುರಾವೆ ಇದೆಯಾ?

ಹೊತ್ತಿಗೆ
ಒಳ್ಳೇ ಪ್ರಶ್ನೆ, ಇಲ್ಲಿ ನಿಮ್ಮ ಜೊತೆ ಭಾಗಶಃ ಒಪ್ತೀನಿ. 2016ರ ಕೊಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಹೇಳೋದು ಇಷ್ಟೇ: ಸಾಂದ್ರತೆ ಏರೋದು ಖಚಿತ, ಮುರಿತ ಕಡಿಮೆಯಾಗೋದು ಎಲ್ಲಾ ಪ್ರಯೋಗದಲ್ಲೂ ಒಂದೇ ರೀತಿ ಕಂಡಿಲ್ಲ. 2013ರಲ್ಲಿ ಬಂದ, ಇದೇ ಗುಂಪಿನ ರಿಸೆಡ್ರೊನೇಟ್ ಮಾತ್ರೆಯ ಪ್ರಯೋಗದಲ್ಲಿ ಮಕ್ಕಳ ಮುರಿತ ಕಡಿಮೆಯಾಗಿತ್ತು. ಬೆನ್ನುಮೂಳೆಗೆ ಆಗೋ ಲಾಭ ಸ್ಪಷ್ಟ, ಕೈಕಾಲಿನ ಉದ್ದ ಮೂಳೆಗಳಿಗೆ ಅಷ್ಟು ಸ್ಪಷ್ಟ ಅಲ್ಲ. ಒಐಯಲ್ಲಿ ಮೂಳೆಗೆ ಆಧಾರವಾದ ಕೊಲಾಜೆನ್ ಅನ್ನೋ ಪ್ರೋಟೀನೇ ದೋಷದ್ದು. ಔಷಧಿ ಮೂಳೆಯ ಪ್ರಮಾಣ ಹೆಚ್ಚಿಸುತ್ತೆ, ಕೊಲಾಜೆನ್ ಸರಿಮಾಡಲ್ಲ.

ಬಸವಣ್ಣೆಪ್ಪ
ನಮ್ಮ ಹುಡುಗಗೂ ಇದ ಬ್ಯಾನಿ ಐತ್ರಿ. ಮೊದಲನೇ ಡ್ರಿಪ್ ಹಾಕಿದ ಮರುದಿನ ಮೈ ಕೆಂಡದಂಗ ಸುಡಾಕ್ಹತ್ತಿತ್ತು. ಕೈಕಾಲ ಮುಟ್ಟಿದ್ರ ಚೀರತಿದ್ದ. ನಾವು ಎಲ್ಲೋ ಮತ್ತ ಮುರೀತೇನೋ ಅಂತ ರಾತ್ರೋರಾತ್ರಿ ದವಾಖಾನಿಗೆ ಓಡಿದ್ವಿ. ಹಿಂಗ ಆಗತೈತಿ ಅಂತ ಯಾರೂ ಮೊದಲ ಹೇಳಿರಲಿಲ್ರಿ. ಒಂದು ಮಾತು ಹೇಳಿದ್ರ ಏನ ಗಂಟ ಹೋಗತಿತ್ತು?

ವಾರ್ಡ್ ಸಿಸ್ಟರ್
ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇದನ್ನ ಮೊದಲೇ ಹೇಳೋದು ನಮ್ಮ ಕೆಲಸ.

ಹೊಸಬರಿಗಾಗಿ: ಮೊದಲ ಡ್ರಿಪ್ ಆದ ಒಂದರಿಂದ ಮೂರು ದಿನದೊಳಗೆ ಜ್ವರ, ಮೈಕೈ ನೋವು, ಸುಸ್ತು, ಕೆಲವರಿಗೆ ವಾಂತಿ ಬರುತ್ತೆ. ಸೋಂಕಲ್ಲ, ಔಷಧಿಗೆ ದೇಹ ತೋರಿಸೋ ಪ್ರತಿಕ್ರಿಯೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು, ಮುಂದಿನ ಸಲಕ್ಕೆ ಸಾಮಾನ್ಯವಾಗಿ ಬರೋದೇ ಇಲ್ಲ ಅಥವಾ ತೀರಾ ಕಡಿಮೆ. ಆದರೆ ಎದೆಗೂಡು ಚಿಕ್ಕದಾಗಿ, ಉಸಿರಾಟ ಮೊದಲೇ ದುರ್ಬಲ ಇರೋ ಕೂಸುಗಳಿಗೆ ಮೊದಲ ಡ್ರಿಪ್ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಕಣ್ಣಿಟ್ಟು ಹಾಕಬೇಕು. ಅಲ್ಲಿ ಉಸಿರಾಟ ಬಿಗಡಾಯಿಸಿದ್ದುಂಟು.

ಅದಕ್ಕಿಂತ ನಾನು ಹೆಚ್ಚು ಹೆದರೋದು ಕ್ಯಾಲ್ಸಿಯಂ ಕುಸಿತಕ್ಕೆ. ಔಷಧಿ ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರೋ ಬಾಗಿಲು ಮುಚ್ಚುತ್ತೆ. ಮಗುವಿಗೆ ಮೊದಲೇ ವಿಟಮಿನ್ ಡಿ ಕಡಿಮೆ ಇದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಬಿಡುತ್ತೆ. ತುಟಿ ಸುತ್ತ ಜುಮುಜುಮು, ಬೆರಳು ಸೆಟೆದುಕೊಳ್ಳೋದು, ಸ್ನಾಯು ಹಿಡಿಯೋದು, ತೀರಾ ಇಳಿದ್ರೆ ಫಿಟ್ಸ್. ಡ್ರಿಪ್‌ಗೆ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ನೋಡದೆ ಯಾರಾದ್ರೂ ಸೂಜಿ ಎತ್ತಿದ್ರೆ ನಿಲ್ಲಿಸಿ ಕೇಳಿ. ಕೇಳೋದು ನಿಮ್ಮ ಹಕ್ಕು. ಮಗು ಚೆನ್ನಾಗಿ ನೀರು ಕುಡಿದಿರಲಿ, ಔಷಧಿ ಮೂತ್ರಪಿಂಡದ ಮೂಲಕವೇ ಹೋಗಬೇಕು. ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡೋಕಾಗದಿದ್ರೆ ಅದೇ ದಿನ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಅಪರೂಪ, ಆದರೆ ಆಗುತ್ತೆ.

ಮುಂಜಾವು
ಸಿಸ್ಟರ್, ಡ್ರಿಪ್‌ಗೆ ಸೂಜಿ (ಕ್ಯಾನ್ಯುಲಾ) ಹಾಕೋವಾಗ ಕೈ ಬಿಗಿಯಾಗಿ ಹಿಡೀತಾರಲ್ಲ, ನನಗೆ ಜೀವವೇ ಬಾಯಿಗೆ ಬರುತ್ತೆ. ಏನಾದ್ರೂ ಉಪಾಯ ಇದೆಯಾ?

ವಾರ್ಡ್ ಸಿಸ್ಟರ್
ಸೂಜಿ ಚುಚ್ಚೋ ಜಾಗಕ್ಕೆ ಮರಗಟ್ಟಿಸೋ ಕ್ರೀಮ್ ಒಂದು ಗಂಟೆ ಮೊದಲೇ ಹಚ್ಚಿ ಪ್ಲಾಸ್ಟಿಕ್ ಮುಚ್ಚಿಡಿ. ಕೈಯನ್ನ ನೀವೇ ಹಿಡ್ಕೊಳ್ತೀನಿ ಅನ್ನಿ, ನಿಮ್ಮ ಕೈಗೆ ಅಭ್ಯಾಸ ಇರುತ್ತೆ. ರಬ್ಬರ್ ಪಟ್ಟಿ ಬಿಗಿಯೋ ಬದಲು ಮೆತ್ತಗೆ ಒತ್ತಿ ಹಿಡಿದರೂ ನರ ಸಿಗುತ್ತೆ. ತಾನಾಗಿ ಗಾಳಿ ತುಂಬಿಕೊಳ್ಳೋ ಬಿಪಿ ಯಂತ್ರದ ಪಟ್ಟಿ ಬಗ್ಗೆಯೂ ಹುಷಾರು. ತೀವ್ರ ಒಐ ಇದ್ದವರ ತೋಳು ಅದರ ಒತ್ತಡಕ್ಕೇ ಮುರಿಯಬಹುದು.

ನೀಲಿಕಣ್ಣು
ಬಿಪಿ ಪಟ್ಟಿ ವಿಷಯ ನೂರಕ್ಕೆ ನೂರು ನಿಜ. ನಾನು ಈಗಲೂ ಎಲ್ಲೇ ಅಡ್ಮಿಟ್ ಆದ್ರೂ ಹಾಸಿಗೆ ತಲೆಯ ಹತ್ರ "ಕೈಯಿಂದ ಒತ್ತೋ ಬಿಪಿ ಮಾತ್ರ" ಅಂತ ಚೀಟಿ ಅಂಟಿಸ್ತೀನಿ.

ಚಿಗುರು ಗಿಡಮೂಲಿಕೆ
*[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದಿದ್ದಾರೆ]*

ನಿರ್ವಾಹಕರು
"ಡ್ರಿಪ್ ಬಿಡಿ, ನಮ್ಮ ಪುಡಿ ತಿನ್ನಿಸಿ" ಅನ್ನೋ ಮಾರಾಟದ ಪೋಸ್ಟ್ ತೆಗೆದಿದ್ದೇವೆ. ಒಐ ಬಹುತೇಕರಲ್ಲಿ ಕೊಲಾಜೆನ್ ತಯಾರಿಸುವ ಕಾಲ್1ಎ1 ಅಥವಾ ಕಾಲ್1ಎ2 ಜೀನ್‌ನ ದೋಷ. ಪುಡಿಯಿಂದ ಜೀನ್ ಬದಲಾಗುವುದಿಲ್ಲ. ಮತ್ತೆ ಹಾಕಿದರೆ ಖಾತೆ ಮುಚ್ಚುತ್ತೇವೆ.

ಅರಳಿಕಟ್ಟೆ
ಒಳ್ಳೇ ಕೆಲಸ ಮಾಡಿದ್ರಿ.

ದಂತವೈದ್ಯ
ಹಲ್ಲಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ವೃತ್ತಿಯವರ ಭಯದಿಂದ ಮಕ್ಕಳು ತೊಂದರೆ ಪಡೋದನ್ನ ನೋಡಿ ನನಗೆ ಬೇಸರ ಆಗಿದೆ.

ದವಡೆಮೂಳೆ ಸಾಯೋ ತೊಂದರೆ 2003ರಿಂದ ವರದಿಯಾಗ್ತಾ ಬಂದಿದೆ. ಹೆಚ್ಚಿನವರು ಕ್ಯಾನ್ಸರ್ ಮೂಳೆಗೆ ಹರಡಿದ ದೊಡ್ಡವರು. ಅವರಿಗೆ ಈ ಔಷಧಿ ಪ್ರತಿ ತಿಂಗಳೂ, ದೊಡ್ಡ ಪ್ರಮಾಣದಲ್ಲಿ ಹೋಗುತ್ತೆ. ಒಐ ಮಕ್ಕಳ ಹಲ್ಲು ಕಿತ್ತ ವರದಿಗಳನ್ನ ಒಟ್ಟುಮಾಡಿ ನೋಡಿದವರಿಗೆ ದವಡೆ ಸತ್ತ ಪ್ರಕರಣ ಸಿಕ್ಕಿಲ್ಲ. ಹಾಗಾಗಿ ಕೀಳಲೇಬೇಕಾದ ಹಾಲುಹಲ್ಲನ್ನ ಬಿಟ್ಟು ಕೂರೋದಕ್ಕೆ ಕಾರಣ ಇಲ್ಲ. ಕೊಳೆತ ಬೇರು ಒಳಗೇ ಉಳಿದು ಕೀವಾಗೋದು ಅದಕ್ಕಿಂತ ದೊಡ್ಡ ಅಪಾಯ.

ಇನ್ನೊಂದು, ಈ ಔಷಧಿ ತಗೊಳ್ಳೋ ಮಕ್ಕಳಲ್ಲಿ ಹಲ್ಲು ಹುಟ್ಟೋದೇ ತಡ ಆಗುತ್ತೆ. ಹಾಲುಹಲ್ಲಿನ ಬೇರನ್ನ ಕರಗಿಸೋದೂ, ಹೊಸ ಹಲ್ಲಿಗೆ ಮೂಳೆಯಲ್ಲಿ ದಾರಿ ಮಾಡಿಕೊಡೋದೂ ಮೂಳೆ ಅಗೆಯೋ ಅಂಥದ್ದೇ ಕೋಶಗಳು. ಅವನ್ನೇ ಔಷಧಿ ತಡೀತಿದೆ. ನಿಮ್ಮ ಮಗಳ ಹಲ್ಲು ಉದುರದೇ ನಿಂತಿರೋದಕ್ಕೆ ಇದೂ ಕಾರಣ ಇರಬಹುದು. ದವಡೆಯ ಪೂರ್ತಿ ಎಕ್ಸ್-ರೇ ತೆಗೆಸಿ ಕೆಳಗೆ ಖಾಯಂ ಹಲ್ಲು ಎಲ್ಲಿದೆ ನೋಡಬೇಕು.

ಸಂಪಿಗೆಯವರೇ, ಮಗಳ ಹಲ್ಲಿನ ಬಣ್ಣ ಬೂದು ಅಥವಾ ಕಂದು ಇದೆಯಾ? ಇದ್ದರೆ ಹಲ್ಲೂ ದುರ್ಬಲ, ಬೇರು ಮುರೀಬಹುದು. ಇಕ್ಕಳ ಹಿಡಿಯೋ ಕೈ ಮೆತ್ತಗಿರಬೇಕು, ಕೆಳದವಡೆಗೆ ಇನ್ನೊಬ್ಬರು ಆಸರೆ ಕೊಡಬೇಕು. ಮುಂದಿನ ಡ್ರಿಪ್‌ಗೆ ಮೊದಲೇ ಕಿತ್ತು, ಒಸಡು ಮುಚ್ಚಿಕೊಂಡ ಮೇಲೆ ಡ್ರಿಪ್ ಹಾಕಿಸಿದ್ರೆ ಎಲ್ಲರಿಗೂ ನೆಮ್ಮದಿ.

ಸಂಪಿಗೆ
ಡಾಕ್ಟ್ರೇ, ಹೌದು, ಬೂದು ಬಣ್ಣ. ಮುಂದಿನ ಹಲ್ಲುಗಳ ಅಂಚು ಸವೆದಿದೆ. ನೀವು ಬರೆದಿದ್ದನ್ನ ಹಾಗೇ ತಗೊಂಡು ಹೋಗಿ ತೋರಿಸ್ತೀನಿ.

ಸಿಸ್ಟರ್, ಎಡಗಾಲಿನ ಎಕ್ಸ್-ರೇ ಆಯ್ತು. ಅಲ್ಲಿ ಬಾಗು ಇದೆ, ಬಿರುಕಿಲ್ಲ. ಮಗಳನ್ನ ಕುರ್ಚಿಯಲ್ಲೇ ಕೂರಿಸಿದ್ದೀನಿ. ಅವಳಿಗೆ ಕೋಪ ಬಂದಿದೆ, ಮಾತಾಡ್ತಿಲ್ಲ. ನಡೆಯೋಕೆ ಕಲ್ತ ಮೇಲೆ ಕುರ್ಚಿ ಅಂದ್ರೆ ಶಿಕ್ಷೆ ಅವಳಿಗೆ.

ಫಿಸಿಯೊ ಅಕ್ಕ
ಕೋಪ ಬರಲಿ ಬಿಡಿ ಅಮ್ಮಾ, ಅದು ಅವಳ ಹಕ್ಕು. ಆದರೆ ಕುರ್ಚಿಯಲ್ಲಿ ಕೂತಲ್ಲೇ ಮಾಡೋ ಕೆಲಸ ಬಿಡಬೇಡಿ. ಕೈಗಳು, ಹೊಟ್ಟೆ, ಬೆನ್ನಿನ ಸ್ನಾಯು, ನೋವಿಲ್ಲದ ಕಾಲು. ಸುಮ್ಮನೆ ಕೂತ ಮೂಳೆ ತೆಳುವಾಗುತ್ತೆ, ಇದನ್ನ ಯಾವ ಡ್ರಿಪ್ಪೂ ತುಂಬಿಕೊಡಲ್ಲ. ರಾಡ್ ಆದಮೇಲೆ, ಮೂಳೆ ಡಾಕ್ಟ್ರು ಒಪ್ಪಿದ ಕೂಡಲೇ, ನೀರಿನಲ್ಲಿ ನಡೆಸೋದರಿಂದ ಶುರು ಮಾಡಬಹುದು. ನೀರಲ್ಲಿ ಮೈ ಭಾರ ಕಮ್ಮಿ.

ಕಲ್ಲುದಾರಿ
ಎಲ್ಲಾ ಸರಿ. ಆದರೆ ನಾನು ಮೊದಲು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹತ್ತು ವರ್ಷ ಯಾಕೆ ಹಾಕಬೇಕು? 2003ರಲ್ಲಿ ಒಬ್ಬ ಹುಡುಗನಿಗೆ ಪಾಮಿಡ್ರೊನೇಟ್ ಹಾಕಿ ಹಾಕಿ ಮೂಳೆ ಕಲ್ಲಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ.

ಹೊತ್ತಿಗೆ
ಆ ಪ್ರಕರಣ ನಿಜ, ಆದರೆ ಪೂರ್ತಿ ಹೇಳಿ. ಆ 12 ವರ್ಷದ ಹುಡುಗನಿಗೆ ಒಐ ಇರಲೇ ಇಲ್ಲ. ಒಐ ಮಕ್ಕಳಿಗೆ ಕೊಡೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದೂ ಮೂರು ವಾರಕ್ಕೊಮ್ಮೆ ಅನ್ನೋ ಹಾಗೆ ಔಷಧಿ ಹೋಗಿತ್ತು. ಅತಿಯಾದರೆ ಏನಾಗುತ್ತೆ ಅನ್ನೋದಕ್ಕೆ ಅದು ಎಚ್ಚರಿಕೆ. ಲೆಕ್ಕ ಹಾಕಿ ಕೊಡೋ ಔಷಧಿಗೆ ಅದನ್ನ ಹೋಲಿಸಬಾರದು. ಜೊಲೆಡ್ರೊನಿಕ್ ಆದರೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.05 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ.

ಯಾಕೆ ನಿಲ್ಲಿಸಲ್ಲ ಅನ್ನೋದಕ್ಕೆ ಕಾರಣ ಬೆಳವಣಿಗೆ. ಹೆಚ್ಚಿನ ಲಾಭ ಬರೋದು ಮೊದಲ ಎರಡರಿಂದ ನಾಲ್ಕು ವರ್ಷದಲ್ಲಿ, ಅದು ನಿಮ್ಮ ಪರವಾದ ಮಾತು. ಆದರೆ ಬೆಳೆಯೋ ಮಗುವಿಗೆ ಪೂರ್ತಿ ನಿಲ್ಲಿಸಿದ್ರೆ ಬೆಳವಣಿಗೆ ಫಲಕದಿಂದ ಹುಟ್ಟೋ ಹೊಸ ಮೂಳೆ ಮತ್ತೆ ಮೊದಲಿನ ಹಾಗೆ ತೆಳು. ಹಿಂದೆ ಔಷಧಿ ಉಂಡ ಮೂಳೆ ದಟ್ಟ. ದಟ್ಟ ಮತ್ತು ತೆಳು ಸೇರೋ ಗಡಿಯಲ್ಲೇ ಮೂಳೆ ಮುರಿದದ್ದನ್ನ ಡಾಕ್ಟ್ರು ನೋಡಿದ್ದಾರೆ. ಅದಕ್ಕೇ ಅನೇಕ ಕಡೆ ಬೆನ್ನುಮೂಳೆ ಸುಧಾರಿಸಿದ ಮೇಲೆ ಪ್ರಮಾಣ ಅರ್ಧಕ್ಕಿಳಿಸಿ ಅಥವಾ ಅಂತರ ಹೆಚ್ಚಿಸಿ, ಬೆಳವಣಿಗೆ ಮುಗಿಯೋ ತನಕ ಎಳೀತಾರೆ. ಎಂಡೋಕ್ರೈನ್ ಡಾಕ್ಟ್ರು ಹೇಳಿದ್ದು ಇದನ್ನೇ ಇರಬೇಕು.

ಕಲ್ಲುದಾರಿ
ಅರ್ಧಕ್ಕಿಳಿಸೋದು ನಾನೂ ಒಪ್ತೀನಿ. ನನ್ನ ತಕರಾರು ಇರೋದು ಮರುಪರಿಶೀಲನೆ ಇಲ್ಲದೆ ಕ್ಯಾಲೆಂಡರ್ ನೋಡಿ ಹಾಕೋದರ ಮೇಲೆ. ನನ್ನ ಅಕ್ಕನ ಮಗನಿಗೆ ವರ್ಷಗಟ್ಟಲೆ ಬೆನ್ನುಮೂಳೆ ಎಕ್ಸ್-ರೇ ಒಂದೂ ತೆಗೆಯದೆ ಹಾಕಿದ್ರು. ಅದನ್ನ ಮರೆಯೋಕಾಗ್ತಿಲ್ಲ.

ವಾರ್ಡ್ ಸಿಸ್ಟರ್
ಆ ತಕರಾರು ಸರಿಯಾದದ್ದು. ಒಪ್ಪಿದೆ.

ಬಸವಣ್ಣೆಪ್ಪ
ನಮ್ಮ ಹುಡುಗಗ ಬಿಸ್ಫಾಸ್ಫೊನೇಟ್ ನಾಟಲಿಲ್ರಿ. ಜೀನ್ ಟೆಸ್ಟ್ ಮಾಡಿಸಿದ ಮ್ಯಾಲೆ ಒಐ ಒಳಗ ಅಪರೂಪದ ಟೈಪ್ 6 ಅಂತ ಗೊತ್ತಾತು. ಅದಕ್ಕ ಡೆನೊಸುಮ್ಯಾಬ್ ಅನ್ನೂ ಬ್ಯಾರೆ ನಮೂನಿ ಇಂಜೆಕ್ಷನ್ ಚಾಲೂ ಮಾಡಿದ್ರು, ಚರ್ಮದ ಕೆಳಗ ಕೊಡೂದು. ಛಲೋ ಇತ್ತು. ಆದ್ರ ಮುಂದಿನ ಡೋಸ್ ಹತ್ರ ಬಂದಂಗ ಹುಡುಗ ಸುಸ್ತ, ವಾಂತಿ, ಒಂದ ಸಮನ ನೀರ ಕುಡಿಯಾಂವ, ಹೊಟ್ಟಿ ಕಟ್ಟಿಬಿಟ್ಟಿತ್ತು. ಹೊಟ್ಟಿ ಕೆಟ್ಟೈತಿ ಅಂತ ಔಷಧ ಕೊಟ್ಟು ಕಳಿಸಿದ್ರು. ಎರಡನೇ ದವಾಖಾನ್ಯಾಗ ರಕ್ತ ನೋಡಿದ್ರ ಕ್ಯಾಲ್ಸಿಯಂ ಗಗನಕ್ಕ ಏರಿತ್ತು. ದಾಖಲ ಮಾಡಿ ಸಲೈನ್ ಏರಿಸಿ ಇಳಿಸಿದ್ರು.

ಹೊತ್ತಿಗೆ
ಬಸವಣ್ಣೆಪ್ಪ ಅವರೇ, ಇದನ್ನ ಬರೆದಿದ್ದಕ್ಕೆ ಧನ್ಯವಾದ, ಎಲ್ಲರೂ ಓದಬೇಕು. ಬಿಸ್ಫಾಸ್ಫೊನೇಟ್ ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಇರುತ್ತೆ. ಡೆನೊಸುಮ್ಯಾಬ್ ಹಾಗಲ್ಲ, ಅದರ ಪ್ರಭಾವ ಇಳಿದ ಕೂಡಲೇ ತಡೆಹಿಡಿದಿದ್ದ ಅಗೆಯೋ ಕೋಶಗಳು ಒಮ್ಮೆಲೇ ಎದ್ದು ಮೂಳೆ ಕರಗಿಸ್ತವೆ, ಕ್ಯಾಲ್ಸಿಯಂ ರಕ್ತಕ್ಕೆ ಸುರಿಯುತ್ತೆ. ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಜಾಸ್ತಿ, ಯಾಕಂದ್ರೆ ಅವರ ಮೂಳೆ ಬದಲಾಗೋ ವೇಗವೇ ಹೆಚ್ಚು. ಒಐ ಮಕ್ಕಳ ಪ್ರಯೋಗದಲ್ಲಿ ಆಸ್ಪತ್ರೆ ಸೇರುವಷ್ಟು ಕ್ಯಾಲ್ಸಿಯಂ ಏರಿದ ಪ್ರಕರಣಗಳು ಬಂದಿದ್ದರಿಂದಲೇ ಔಷಧಿಯ ಮಾಹಿತಿಪತ್ರದಲ್ಲಿ ಮಕ್ಕಳ ಬಗ್ಗೆ ಎಚ್ಚರಿಕೆ ಇದೆ. ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಒಟ್ಟಿಗೆ ಕಂಡ್ರೆ ಅದೇ ದಿನ ರಕ್ತ ಪರೀಕ್ಷೆ.

ಬಸವಣ್ಣೆಪ್ಪ
ಹೌದ್ರಿ. ಈಗ ಡೋಸ್ ನಡುವ ರಕ್ತ ತಗಸ್ತೀವಿ, ತಪ್ಪಸೂದಿಲ್ಲ.

ತಿಳಿನೀರು
ನಂದು ಬೇರೆ ಕಥೆ, ಇಲ್ಲಿ ಕೇಳಬಹುದಾ? ನನ್ನ ತಂಗಿಗೆ 17. ಒಐ ಇಲ್ಲ. ಊಟ ಬಿಟ್ಟು ತುಂಬಾ ಸಣ್ಣಗಾಗಿ ಮುಟ್ಟು ನಿಂತಿತ್ತು, ಈಗ ಸುಧಾರಿಸ್ತಿದ್ದಾಳೆ. ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್‌ನಲ್ಲಿ ಝಡ್ ಸ್ಕೋರ್ (ಅದೇ ವಯಸ್ಸಿನವರ ಸರಾಸರಿಗೆ ಹೋಲಿಸಿದ ಅಂಕಿ) ಮೈನಸ್ 2.3. ಒಬ್ಬರು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ (ಅದೂ ಬಿಸ್ಫಾಸ್ಫೊನೇಟೇ) ಬರೆದುಕೊಟ್ಟಿದ್ದಾರೆ. ಒಂದೂ ಮುರಿತ ಆಗಿಲ್ಲ.

ಹೊತ್ತಿಗೆ
ಮಾತ್ರೆ ಶುರು ಮಾಡೋ ಮುಂಚೆ ಮಕ್ಕಳ ಮೂಳೆ ನೋಡೋ ಎಂಡೋಕ್ರೈನ್ ಡಾಕ್ಟ್ರ ಅಭಿಪ್ರಾಯ ತಗೊಳ್ಳಿ. ಮಕ್ಕಳು, ಹದಿಹರೆಯದವರಲ್ಲಿ ಸ್ಕ್ಯಾನ್ ಅಂಕಿ ಒಂದನ್ನೇ ನೋಡಿ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ) ಅನ್ನೋ ಹಾಗಿಲ್ಲ. ಏಟಿಲ್ಲದೆ ಬೆನ್ನುಮೂಳೆ ಕುಸಿದಿರಬೇಕು, ಇಲ್ಲಾ ಝಡ್ ಸ್ಕೋರ್ ಮೈನಸ್ 2 ಅಥವಾ ಕೆಳಗಿದ್ದು ಅದರ ಜೊತೆಗೆ ಉದ್ದ ಮೂಳೆಗಳು ಮುರಿದಿರಬೇಕು: 10 ವರ್ಷದೊಳಗೆ ಎರಡು ಸಲ, ಇಲ್ಲವೇ 19ರೊಳಗೆ ಮೂರು ಸಲ. ನಿಮ್ಮ ತಂಗಿಗೆ ಬೆನ್ನಿನ ಎಕ್ಸ್-ರೇ ಆಗಿದೆಯಾ ಕೇಳಿ. ತೂಕ ಏರಿ, ಮುಟ್ಟು ಮರಳಿ ಬರೋದೇ ಅವಳ ಮೂಳೆಗೆ ಮೊದಲ ಮದ್ದು.

ನೀಲಿಕಣ್ಣು
ಇನ್ನೊಂದು ಕಾರಣಕ್ಕೂ ಯೋಚಿಸಬೇಕು ತಿಳಿನೀರು. ಹೆಣ್ಣುಮಕ್ಕಳಿಗೆ ಈ ಔಷಧಿ ಕೊಡೋವಾಗ ಮುಂದೆ ಬಸಿರಾಗೋ ಮಾತು ಎತ್ತೋರೇ ಇಲ್ಲ. ಚಿಕ್ಕವರಿದ್ದಾಗ ಪಾಮಿಡ್ರೊನೇಟ್ ತಗೊಂಡವರ ಮೂತ್ರದಲ್ಲಿ, ನಿಲ್ಲಿಸಿ 8 ವರ್ಷದ ತನಕ ಅದು ಸಿಕ್ಕಿದೆ. ಅಂದ್ರೆ ಮೂಳೆಯಿಂದ ಚೂರುಚೂರೇ ಹೊರಬರ್ತಾ ಇರುತ್ತೆ. ಇದರಿಂದ ಮಕ್ಕಳಿಗೆ ಅಂಗವೈಕಲ್ಯ ಆಗುತ್ತೆ ಅಂತ ಸಾಬೀತಾಗಿಲ್ಲ. ತಾಯಂದಿರು ಔಷಧಿ ತಗೊಂಡಿದ್ದ ಕೆಲವು ನವಜಾತ ಶಿಶುಗಳಲ್ಲಿ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಕಡಿಮೆಯಾದದ್ದು ವರದಿಯಾಗಿದೆ. ನಾನು ಮದುವೆ ಆಗೋ ಯೋಚನೆಯಲ್ಲಿದ್ದೀನಿ, ಈ ವಿಷಯವನ್ನ ನನಗೆ 14ರಲ್ಲೇ ಯಾರಾದ್ರೂ ಕೂರಿಸಿಕೊಂಡು ಹೇಳಬೇಕಿತ್ತು. ನನ್ನ ದೇಹದಲ್ಲಿ ಏನಿದೆ, ಎಷ್ಟು ದಿನ ಇರುತ್ತೆ ಅನ್ನೋದು ನನಗೆ ಗೊತ್ತಾಗಬೇಕಿತ್ತು.

ಮುಂಜಾವು
ನೀಲಿಕಣ್ಣು, ಒಐ ಮಗುವಿಗೆ ದಾಟೋ ಸಾಧ್ಯತೆ ಎಷ್ಟು?

ನೀಲಿಕಣ್ಣು
ನನ್ನದು ಪ್ರಬಲ ಜೀನ್ ರೀತಿಯದ್ದು (ಅಪ್ಪ ಅಮ್ಮನಲ್ಲಿ ಒಬ್ಬರಿಂದ ದೋಷದ ಜೀನ್ ಬಂದರೂ ಸಾಕು), ಹಾಗಾಗಿ ಪ್ರತಿ ಬಸಿರಿನಲ್ಲೂ ಅರ್ಧಕ್ಕರ್ಧ ಸಾಧ್ಯತೆ. ಜೆನೆಟಿಕ್ ಕೌನ್ಸೆಲರ್ ಹತ್ರ ಇಬ್ಬರೂ ಹೋಗಿ ಬಂದ್ವಿ. ನಿರ್ಧಾರ ನಮ್ಮದು, ಇನ್ನೂ ಮಾಡಿಲ್ಲ.

ತಿಳಿನೀರು
ತುಂಬಾ ಉಪಕಾರ ಆಯ್ತು. ಬೆನ್ನಿನ ಎಕ್ಸ್-ರೇ ಆಗಿಲ್ಲ. ಮಾತ್ರೆ ಇನ್ನೂ ತಂದಿಲ್ಲ, ಮೊದಲು ಹೋಗಿ ಕೇಳ್ತೀವಿ.

ವಾರ್ಡ್ ಸಿಸ್ಟರ್
ಮುಂದೆ ಯಾರಾದರೂ ಮಾತ್ರೆಯೇ ಬೇಕು ಅಂದರೆ ನೆನಪಿಡಿ: ಖಾಲಿ ಹೊಟ್ಟೆ, ಬರೀ ನೀರು, ನುಂಗಿ ಅರ್ಧ ಗಂಟೆ ಮಲಗಬಾರದು. ಅನ್ನನಾಳದಲ್ಲಿ ನಿಂತರೆ ಹುಣ್ಣು ಮಾಡುತ್ತೆ. ನೆಟ್ಟಗೆ ಕೂರೋಕಾಗದ ಮಕ್ಕಳಿಗೆ ಮಾತ್ರೆ ಸಲ್ಲದು.

ಸಂಪಿಗೆ
ಇಬ್ಬರು ಡಾಕ್ಟ್ರೂ ಫೋನಲ್ಲಿ ಮಾತಾಡಿದ್ರು, ನಾನು ಎದುರಿಗೇ ಕೂತಿದ್ದೆ. ಈ ಸಲದ ಡ್ರಿಪ್ ಇಲ್ಲ. ಹಲ್ಲು ಮೊದಲು ಕೀಳ್ತಾರೆ, ಬೇರೆ ಕಡೆ ಮಕ್ಕಳ ದಂತವೈದ್ಯರು ಒಪ್ಪಿದ್ದಾರೆ. ಆಮೇಲೆ ಬಲತೊಡೆ ನೇರ ಮಾಡಿ, ಬೆಳೆದ ಹಾಗೆ ಉದ್ದ ಆಗೋ ರಾಡ್. ನಾಲ್ಕು ತಿಂಗಳು ಔಷಧಿ ತಡೆ, ಎಕ್ಸ್-ರೇಯಲ್ಲಿ ಕೂಡಿದೆ ಅಂತ ಕಂಡ ಮೇಲೆ ಅರ್ಧ ಪ್ರಮಾಣದಲ್ಲಿ ಮತ್ತೆ ಶುರು. ಅಂತರ ಎಷ್ಟು ಅಂತ ಫೈಲಲ್ಲಿ ಬರೆಸಿದ್ದೀನಿ. ಎಡತೊಡೆಗೂ ರಾಡ್ ಬೇಕಾಗಬಹುದು, ಆದರೆ ಒಟ್ಟಿಗೇನಾ ಬೇರೆ ಬೇರೆಯಾಗಾ ಅನ್ನೋದು ತೀರ್ಮಾನ ಆಗಿಲ್ಲ. ಒಟ್ಟಿಗೆ ಎರಡೂ ಕಾಲು ಮಾಡಿಸಿದವರು ಇದ್ದೀರಾ?

ಅರಳಿಕಟ್ಟೆ
ನನ್ನ ಮಗನಿಗೆ ಎರಡೂ ಒಟ್ಟಿಗೇ ಮಾಡಿದ್ರು. ಅರಿವಳಿಕೆ ಒಂದೇ ಸಲ, ಅದು ಲಾಭ. ಆದರೆ ಎರಡೂ ಕಾಲು ಪ್ಲಾಸ್ಟರ್‌ನಲ್ಲಿದ್ದಾಗ ಎತ್ತೋಕೆ ಇಬ್ಬರು ದೊಡ್ಡವರು ಬೇಕೇಬೇಕು. ರಕ್ತ ಹೋಗೋದೂ ಜಾಸ್ತಿ, ಮೊದಲೇ ರಕ್ತ ತಯಾರಿಟ್ಟುಕೊಳ್ಳೋಕೆ ಹೇಳಿದ್ರು. ಮನೆಯಲ್ಲಿ ನಿಮ್ಮ ಜೊತೆ ಯಾರಿರ್ತಾರೆ ಅನ್ನೋದರ ಮೇಲೆ ನಿರ್ಧಾರ ಮಾಡಿ ಮೇಡಂ.

ಕಲ್ಲುದಾರಿ
ಸಂಪಿಗೆಯವರೇ, ಅರ್ಧ ಪ್ರಮಾಣ ಶುರು ಮಾಡೋ ಮುಂಚೆ ಬೆನ್ನುಮೂಳೆಯ ಪಕ್ಕದ ಎಕ್ಸ್-ರೇ ಒಂದು ತೆಗೆಸಿ, ಹಳೇದರ ಜೊತೆ ಪಕ್ಕಪಕ್ಕ ಇಟ್ಟು ನೋಡೋಕೆ ಹೇಳಿ. ಬೇಕಾದ್ರೆ ನಮ್ಮ ಹುಡುಗನ ಫೈಲಲ್ಲಿ ಯಾವ ಯಾವ ಪರೀಕ್ಷೆ ಎಷ್ಟು ಸಮಯಕ್ಕೆ ಅಂತ ಆಮೇಲೆ ಬರೆಸಿಕೊಂಡ ಹಾಳೆ ಇದೆ, ಫೋಟೊ ತೆಗೆದು ಕಳಿಸ್ತೀನಿ.

ಸಂಪಿಗೆ
ಕಳಿಸಿ ಅಣ್ಣಾ. ಗುರುವಾರ ಮತ್ತೆ ಎಂಡೋಕ್ರೈನ್ ಡಾಕ್ಟ್ರ ಹತ್ರ ಹೋಗ್ತಿದ್ದೀವಿ, ಅಷ್ಟರೊಳಗೆ ಸಿಕ್ಕಿದ್ರೆ ಕೈಯಲ್ಲೇ ಹಿಡ್ಕೊಂಡು ಹೋಗ್ತೀನಿ.